ಹಸಿರು ಗೋಡೆ: ಚದರ ಅಡಿಯ ಸರಕಲ್ಲ, ಆರೈಕೆಯ ವ್ಯವಹಾರ

ಸಾರ್ವಜನಿಕ ಕಟ್ಟಡಗಳ ಒಳಾಂಗಣದಲ್ಲಿ ಜೀವಂತ ಗಿಡಗಳಿಂದ ಗೋಡೆಯನ್ನು ಹೊದಿಸುವ ಪದ್ಧತಿಯು ಬೆಂಗಳೂರಿನ ಜನರಿಗೆ ಇಂದು ಅಪರಿಚಿತವಲ್ಲ. 2022ರ ನವೆಂಬರ್ 11ರಂದು ಉದ್ಘಾಟನೆಗೊಂಡ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 'ಉದ್ಯಾನದೊಳಗಿನ ಟರ್ಮಿನಲ್' ಎಂಬ ಕಲ್ಪನೆಯ ಮೇಲೆಯೇ ರೂಪುಗೊಂಡಿದೆ. ಸುಮಾರು 5,000 ಕೋಟಿ ರೂಪಾಯಿ ವೆಚ್ಚದ ಈ ಕಟ್ಟಡದಲ್ಲಿ ಹಸಿರು ಗೋಡೆ, ತೂಗು ತೋಟ ಮತ್ತು ಹೊರಾಂಗಣ ತೋಟಗಳೆಲ್ಲ ಸೇರಿ 10,000 ಚದರ ಮೀಟರಿಗೂ ಮಿಗಿಲಾದ ಹಸಿರು ಇದೆಯೆಂದು ಉದ್ಘಾಟನೆಯ ಸಂದರ್ಭದಲ್ಲಿ ಸರ್ಕಾರವು ಪ್ರಕಟಿಸಿತ್ತು. 2023ರಲ್ಲಿ ಇದರ ಒಳಾಂಗಣಕ್ಕೆ 'ಪ್ರಿ ವರ್ಸಾಯ್' ಅಂತರರಾಷ್ಟ್ರೀಯ ಪ್ರಶಸ್ತಿಯೂ ದೊರೆಯಿತು. ಅಲ್ಲಿ ಇಳಿದು ಬಂದ ಅಧಿಕಾರಿ, ಆಸ್ಪತ್ರೆಯ ಆಡಳಿತಗಾರ, ಶಿಕ್ಷಣ ಸಂಸ್ಥೆಯ ಕಾರ್ಯದರ್ಶಿ ತಮ್ಮ ಕಟ್ಟಡದಲ್ಲಿಯೂ ಅಂಥದೊಂದು ಗೋಡೆ ಇರಲೆಂದು ಬಯಸುವುದು ಸಹಜ.

ಈ ಬಯಕೆ ವ್ಯಾಪಾರಿಗಳಿಗೂ ಸಣ್ಣ ಉದ್ದಿಮೆದಾರರಿಗೂ ಒಳ್ಳೆಯ ಅವಕಾಶವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಸಿರು ಗೋಡೆಯನ್ನು ಟೈಲ್ಸ್, ಗಾಜು, ಪ್ಲೈವುಡ್‌ಗಳಂತೆ ಚದರ ಅಡಿಯ ಲೆಕ್ಕದಲ್ಲಿ ಮಾರಿ, ಬಿಲ್ ಪಡೆದು ಕೈ ತೊಳೆದುಕೊಳ್ಳುವ ರೀತಿಯಲ್ಲಿ ಈ ವ್ಯಾಪಾರ ಬೆಳೆದರೆ ಅದು ಬಹುಕಾಲ ಬಾಳದು. ಒಂದು ಸರ್ಕಾರಿ ಕಚೇರಿಯ ಮುಂಭಾಗದಲ್ಲಿ ಒಣಗಿ ನಿಂತ ಒಂದು ಗೋಡೆ ಮುಂದೆ ಬರಬಹುದಾದ ಹತ್ತು ಆದೇಶಗಳನ್ನು ತಪ್ಪಿಸುತ್ತದೆ. ಗೋಡೆಯ ಬೆಲೆಯನ್ನು ಅದರ ಅಳತೆಯಿಂದಲ್ಲ, ಅದು ಎಷ್ಟು ಕಾಲ ಹಸಿರಾಗಿ ಉಳಿಯಿತೆಂಬುದರಿಂದ ನಿರ್ಧರಿಸುವ ಪದ್ಧತಿಯನ್ನು ವ್ಯಾಪಾರಿ ಸಮುದಾಯವೇ ಮುಂದಾಗಿ ರೂಢಿಗೆ ತರಬೇಕಾಗಿದೆ.

ಪಶ್ಚಿಮ ಬೆಂಗಳೂರಿನ ಮುಂದಿರುವ ಅವಕಾಶ

ಹೊರ ವರ್ತುಲ ರಸ್ತೆ ಹಾಗೂ ಮಾಗಡಿ ರಸ್ತೆಗಳೆರಡಕ್ಕೂ ಸಮೀಪವಿರುವ ಅನ್ನಪೂರ್ಣೇಶ್ವರಿ ನಗರ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಈ ದೃಷ್ಟಿಯಿಂದ ಗಮನಿಸುವುದು ಉಚಿತ. 2024ರ ಆಗಸ್ಟ್ 16ರಂದು ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ 'ನಮ್ಮ ಮೆಟ್ರೋ' ಮೂರನೇ ಹಂತದ ಎರಡೂ ಮಾರ್ಗಗಳು ಈ ಭಾಗಕ್ಕೆ ಬರುತ್ತವೆ. ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರದವರೆಗೆ ಹೊರ ವರ್ತುಲ ರಸ್ತೆಯ ಗುಂಟ 32.15 ಕಿಲೋಮೀಟರ್, ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಮಾಗಡಿ ರಸ್ತೆಯ ಗುಂಟ 12.50 ಕಿಲೋಮೀಟರ್, ಒಟ್ಟು 31 ನಿಲ್ದಾಣಗಳು, ಅಂದಾಜು ವೆಚ್ಚ 15,611 ಕೋಟಿ ರೂಪಾಯಿ. ಇನ್ನೊಂದೆಡೆ, 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹೊಸ ಆಡಳಿತಕ್ಕೆ ಹೊಸ ಕಚೇರಿಗಳು, ಸಭಾಂಗಣಗಳು ಬೇಕಾಗುತ್ತವೆ. ಇವುಗಳಲ್ಲಿ ಎಷ್ಟು ಕಡೆ ಗಿಡದ ಗೋಡೆಗೆ ಜಾಗ ದೊರೆಯುವುದೆಂಬುದು ನಕ್ಷೆಯ ಹಂತದಲ್ಲಿಯೇ ತೀರ್ಮಾನವಾಗುವ ಸಂಗತಿ. ಕಟ್ಟಡ ಮುಗಿದ ಮೇಲೆ ಕೇಳಲು ಹೋದರೆ ಉಳಿಯುವುದು ಕತ್ತಲೆಯ ಮೂಲೆ ಮಾತ್ರ.

ಹಸಿರು ಗೋಡೆಗೆ ಬೇಕಾದ ಸಾಮಗ್ರಿಯ ಬಹುಭಾಗವನ್ನು ಈ ಪ್ರದೇಶದಲ್ಲಿಯೇ ತಯಾರಿಸಬಹುದು. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ರಾಜಾಜಿನಗರ ಹಾಗೂ ಪೀಣ್ಯದ ಕಾರ್ಖಾನೆಗಳಿಗೆ ಕಬ್ಬಿಣದ ಚೌಕಟ್ಟು ಕತ್ತರಿಸಿ ಬೆಸೆಯುವುದು, ಪ್ಲಾಸ್ಟಿಕ್ ಕುಂಡಕ್ಕೆ ಡೈ ಮಾಡಿ ಅಚ್ಚು ಹೊಯ್ಯುವುದು, ತಗಡಿನ ನೀರುತಟ್ಟೆ ಮಡಿಸುವುದು, ಪೌಡರ್ ಕೋಟಿಂಗ್ ಮಾಡುವುದು, ಸಣ್ಣ ಪಂಪು ಹಾಗೂ ಟೈಮರ್ ಪೆಟ್ಟಿಗೆ ಜೋಡಿಸುವುದು ದಿನನಿತ್ಯದ ಕೆಲಸ. ಬೇರು ಹಿಡಿಯಲು ಬೇಕಾದ ಕೋಕೋಪೀಟ್ ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ನಾರಿನ ಉಪೋತ್ಪನ್ನ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಕೋಕೋಪೀಟನ್ನು ಹುದುಗಿಸಿ ಗಿಡಕ್ಕೆ ಯೋಗ್ಯಗೊಳಿಸುವ ವಿಧಾನವನ್ನು ರೂಪಿಸಿದೆ. ಗಿಡಗಳಿಗೆ ಲಾಲ್‌ಬಾಗ್ ಪಕ್ಕದ ಸಿದ್ಧಾಪುರದ ನರ್ಸರಿಗಳಿವೆ. ಹೆಚ್ಚಿನ ಸಂಖ್ಯೆ ಬೇಕಾದಾಗ ಆಂಧ್ರದ ಕಡಿಯಂ ಇದೆ. ಇಷ್ಟಿದ್ದೂ ಬಿಡಿಭಾಗಗಳನ್ನು ಹೊರದೇಶದಿಂದ ತರಿಸಿ ಮೇಲೆ ತಮ್ಮ ಹೆಸರಿನ ಚೀಟಿ ಅಂಟಿಸುವುದಕ್ಕಷ್ಟೇ ಇಲ್ಲಿನವರು ತೃಪ್ತರಾದರೆ ಅದು ಕೈಗೆ ಬಂದ ಅವಕಾಶವನ್ನು ಬಿಟ್ಟುಕೊಟ್ಟಂತೆ.

ಒಂದು ಗೋಡೆಯ ಲೆಕ್ಕ

ಗಿಡದ ಗೋಡೆಯ ಕಲ್ಪನೆ ತೀರ ಹೊಸತಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟ್ಯಾನ್ಲಿ ಹಾರ್ಟ್ ವೈಟ್ ಅವರು 1938ರಲ್ಲಿಯೇ ಇಂಥ ರಚನೆಗೆ ಪೇಟೆಂಟ್ ಪಡೆದಿದ್ದರು. ಮುಂದೆ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕ್ ಅವರು ಮಣ್ಣಿಲ್ಲದೆ, ಬಟ್ಟೆಯಂಥ ಪದರದ ಮೇಲೆ ಗಿಡ ಬೆಳೆಸುವ ಕ್ರಮವನ್ನು ಜನಪ್ರಿಯಗೊಳಿಸಿದರು. ಆಗಿನಿಂದಲೂ ಬದಲಾಗದ ಸತ್ಯವೊಂದಿದೆ: ನೆಲದಲ್ಲಿರುವ ಗಿಡಕ್ಕೆ ಎರಡು ದಿನ ನೀರಿಲ್ಲದಿದ್ದರೂ ಮಣ್ಣು ಕಾಪಾಡುತ್ತದೆ; ಗೋಡೆಯಲ್ಲಿರುವ ಗಿಡಕ್ಕೆ ಆ ಆಸರೆಯಿಲ್ಲ. ಶನಿವಾರ ಪಂಪು ಕೆಟ್ಟರೆ ಸೋಮವಾರ ಕಚೇರಿ ತೆರೆಯುವ ವೇಳೆಗೆ ಎಲೆ ಬಾಡಿರುತ್ತದೆ.

ಉದಾಹರಣೆಗೆ, 20 ಚದರ ಮೀಟರಿನ, ಅಂದರೆ ಸುಮಾರು 215 ಚದರ ಅಡಿಯ ಒಂದು ಗೋಡೆಯನ್ನು ತೆಗೆದುಕೊಳ್ಳೋಣ. ಚದರ ಮೀಟರಿಗೆ 30 ಕುಂಡಗಳಂತೆ 600 ಗಿಡ. ನೀರು ಕುಡಿದ ಕುಂಡ, ಚೌಕಟ್ಟು ಎಲ್ಲ ಸೇರಿ ಚದರ ಮೀಟರಿಗೆ 50 ಕಿಲೋ ಎಂದಿಟ್ಟುಕೊಂಡರೂ ಗೋಡೆ ಹೊರಬೇಕಾದ ಭಾರ ಒಂದು ಟನ್. ಚದರ ಮೀಟರಿಗೆ ದಿನಕ್ಕೆ 3 ಲೀಟರ್ ನೀರೆಂದರೆ ದಿನಕ್ಕೆ 60 ಲೀಟರ್. ಹಗಲು ಬೆಳಕು ತಲುಪದ ಜಾಗವಾದರೆ ಚದರ ಮೀಟರಿಗೆ 50 ವಾಟ್‌ನಂತೆ ಒಂದು ಕಿಲೋವಾಟ್ ದೀಪ. ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 360 ಯೂನಿಟ್ ವಿದ್ಯುತ್. ತಿಂಗಳಿಗೆ ಎರಡು ಬಾರಿ ಆರೈಕೆಯ ಭೇಟಿ, ವರ್ಷಕ್ಕೆ ಹತ್ತರಲ್ಲೊಂದು ಗಿಡದ ಬದಲಾವಣೆ. ಇದೇ ಲೆಕ್ಕವನ್ನು ಮೂರು ವರ್ಷಕ್ಕೆ ವಿಸ್ತರಿಸಿದರೆ 72 ಭೇಟಿ, 180 ಹೊಸ ಗಿಡ, ಸುಮಾರು 65,000 ಲೀಟರ್ ನೀರು, 13,000 ಯೂನಿಟ್‌ಗೂ ಮಿಕ್ಕಿದ ವಿದ್ಯುತ್ ಆಗುತ್ತದೆ.

ಈ ಅಂಕಿಗಳು ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಆದರೂ ಅವು ಸೂಚಿಸುವ ದಿಕ್ಕು ಸ್ಪಷ್ಟ. ಕುಂಡ ಮತ್ತು ಚೌಕಟ್ಟಿನ ಬೆಲೆ ಒಮ್ಮೆ ಮಾತ್ರ. ಆರೈಕೆಯ ವೆಚ್ಚ ಪ್ರತಿ ತಿಂಗಳೂ. ಕೊಳ್ಳುವವರಿಗೆ ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಮರೆಮಾಚುವ ಕೊಟೇಶನ್ ವ್ಯಾಪಾರ ಧರ್ಮಕ್ಕೆ ತಕ್ಕುದಲ್ಲ. ಅಂಥ ಕೊಟೇಶನ್ ಕೊಟ್ಟವರಿಗೆ ಆದೇಶ ಬೇಗ ದೊರೆಯಬಹುದು. ಎರಡನೆಯ ಆದೇಶ ದೊರೆಯುವುದಿಲ್ಲ.

ವಿನ್ಯಾಸ: ಬೆಳಕು, ನೀರು, ಏಣಿ

ವಿನ್ಯಾಸವೆಂದೊಡನೆ ಎಲೆಗಳ ಬಣ್ಣ, ಅಲೆಯಾಕಾರದ ಚಿತ್ತಾರ, ನಡುವೆ ಸಂಸ್ಥೆಯ ಲಾಂಛನ ಇವುಗಳ ಕಡೆಗೆ ಗಮನ ಹೋಗುತ್ತದೆ. ಇವೆಲ್ಲ ಕೊನೆಯಲ್ಲಿ ಬರಬೇಕಾದವು. ಮೊದಲು ನೋಡಬೇಕಾದುದು ಬೆಳಕು. ಕಚೇರಿಯ ಮೇಜಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಬೆಳಕಿರುತ್ತದೆ. ನೆಟ್ಟಗೆ ನಿಂತ ಗೋಡೆಯ ಮೇಲೆ ಬೀಳುವುದು ಇನ್ನೂ ಕಡಿಮೆ. ಮನುಷ್ಯನ ಕಣ್ಣಿಗೆ ಸಾಕಾದ ಬೆಳಕು ಗಿಡದ ಹೊಟ್ಟೆಗೆ ಸಾಲದು. ವಿಮಾನ ನಿಲ್ದಾಣದ ಟರ್ಮಿನಲ್‌ನಲ್ಲಿ ಛಾವಣಿಯಿಂದಲೇ ಹಗಲು ಬೆಳಕು ಇಳಿಯುವಂತೆ ಮೊದಲಿಗೇ ಯೋಜಿಸಲಾಗಿದೆ. ನಮ್ಮ ಊರಿನವರು ಇದನ್ನು ಅರಿಯಲು ಅಷ್ಟು ದೂರವೂ ಹೋಗಬೇಕಿಲ್ಲ: 1889ರಲ್ಲಿ ಅಡಿಗಲ್ಲು ಹಾಕಲಾದ ಲಾಲ್‌ಬಾಗಿನ ಗಾಜಿನ ಮನೆ ಗಿಡಗಳನ್ನು ಸೂರಿನಡಿ ಇಡಬೇಕಾದರೆ ಸೂರೇ ಬೆಳಕು ಬಿಡಬೇಕೆಂಬ ಪಾಠವನ್ನು ಬಹಳ ಹಿಂದೆಯೇ ಕಲಿಸಿದೆ. ಆದುದರಿಂದ ಜಾಗ ನೋಡಲು ಹೋಗುವವರ ಕೈಯಲ್ಲಿ ಅಳತೆಯ ಟೇಪಿಗಿಂತ ಮೊದಲು ಲಕ್ಸ್ ಮೀಟರ್ ಇರಬೇಕು.

ಎರಡನೆಯದು ನೀರು. 2024ರ ಮಾರ್ಚ್‌ನಲ್ಲಿ ನಗರವು ತೀವ್ರ ನೀರಿನ ಅಭಾವವನ್ನು ಎದುರಿಸಿದಾಗ ಬೆಂಗಳೂರು ಜಲಮಂಡಳಿಯು ಕೈತೋಟ, ಕಾರಂಜಿ, ವಾಹನ ತೊಳೆಯುವಿಕೆ ಮುಂತಾದುವಕ್ಕೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. 2025ರ ಫೆಬ್ರುವರಿಯಲ್ಲಿ ಅಂಥದೇ ಆದೇಶ ಮತ್ತೆ ಹೊರಬಿತ್ತು. ಬೇಸಿಗೆಯಲ್ಲಿ ಜನರು ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿರುವಾಗ ಸಾರ್ವಜನಿಕ ಕಟ್ಟಡದ ಗೋಡೆಗೆ ಕಾವೇರಿ ನೀರು ಹರಿಸುವುದು ಕಾನೂನಿಗೂ ಮನಸ್ಸಿಗೂ ಒಪ್ಪದ ಮಾತು. ಬದಲಿ ಮೂಲಗಳಿವೆ. ಮಳೆ ನೀರು ಸಂಗ್ರಹವನ್ನು 2009ರಲ್ಲಿಯೇ ಕಡ್ಡಾಯಗೊಳಿಸಿರುವುದರಿಂದ ಅನೇಕ ಕಟ್ಟಡಗಳಲ್ಲಿ ತೊಟ್ಟಿ ಇದೆ. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣಾಂಶ ಅತ್ಯಲ್ಪ. ಕೊಳವೆ ಬಾವಿಯ ಗಡಸು ನೀರು ಡ್ರಿಪ್ಪರಿನ ಬಾಯನ್ನು ಕಟ್ಟಿಸುತ್ತದೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರು ಅದಕ್ಕಿಂತಲೂ ಗಡಸು. ಶುದ್ಧೀಕರಿಸಿದ ತ್ಯಾಜ್ಯ ನೀರನ್ನು ಒಳಾಂಗಣದಲ್ಲಿ ಬಳಸುವುದಾದರೆ ವಾಸನೆ ಹಾಗೂ ರೋಗಾಣುಗಳ ಪರೀಕ್ಷೆ ನಡೆಯಲೇಬೇಕು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ನೀಡುವ ಕಟ್ಟಡಗಳಿಗೆ ದಂಡ ವಿಧಿಸಲು ನಿಯಮ ಮಾಡಿದೆ. ತಟ್ಟೆಗೆ ಇಳಿಜಾರು ಕೊಡದ ತಯಾರಕ ತನ್ನ ಗ್ರಾಹಕನಿಗೆ ದಂಡವನ್ನೂ ಸೇರಿಸಿ ಮಾರಿದಂತಾಗುತ್ತದೆ.

ಮೂರನೆಯದು ಏಣಿ. ಆರೈಕೆ ಮಾಡುವವನ ಕೈ ತಲುಪದ ಗಿಡ ಸಾಯುವ ಗಿಡ. ಸರ್ಕಾರಿ ಕಟ್ಟಡದಲ್ಲಿ ಪ್ರತಿ ಬಾರಿ ಸ್ಕ್ಯಾಫೋಲ್ಡಿಂಗ್ ಕಟ್ಟಿಸಲು ಯಾರೂ ಮಂಜೂರಾತಿ ನೀಡರು. ಎಂಟು ಅಡಿ ಎತ್ತರದ, ಮಡಿಸುವ ಏಣಿಯಿಂದಲೇ ನಿಭಾಯಿಸಬಹುದಾದ ಗೋಡೆ ಮೂವತ್ತು ಅಡಿಯ ಗೋಡೆಗಿಂತ ಹೆಚ್ಚು ಕಾಲ ಹಸಿರಾಗಿರುತ್ತದೆ. ಒಂದು ಕುಂಡವನ್ನು ಕಳಚಿ ಇನ್ನೊಂದನ್ನು ಸಿಕ್ಕಿಸುವುದು ಒಂದೇ ಕೈಯಲ್ಲಿ ಸಾಧ್ಯವಾಗುವಂತಿರಬೇಕು. ಗೋಡೆ ಹಾಗೂ ಚೌಕಟ್ಟಿನ ನಡುವೆ ಗಾಳಿಯಾಡುವ ಸಂದು ಇರಬೇಕು. ಇಲ್ಲವಾದರೆ ಮರುವರ್ಷ ಹಿಂದಿನ ಕೊಠಡಿಯಲ್ಲಿ ಬೂಷ್ಟು ಕಾಣಿಸುತ್ತದೆ. ವಿದ್ಯುತ್ ಫಲಕದ ಮೇಲೆ, ತುರ್ತು ನಿರ್ಗಮನದ ದಾರಿಯಲ್ಲಿ ಗೋಡೆ ನಿರ್ಮಿಸಬಾರದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗಿಡದ ಆಯ್ಕೆಯಲ್ಲಿಯೂ ಕಟ್ಟಡದ ಉಪಯೋಗವನ್ನು ನೋಡಬೇಕು. ಮನಿ ಪ್ಲಾಂಟ್, ಫಿಲೋಡೆಂಡ್ರಾನ್, ಸಿಂಗೋನಿಯಂ, ಅಗ್ಲೋನೀಮಾಗಳು ಕಡಿಮೆ ಬೆಳಕಿನಲ್ಲಿ ಬಾಳಿಕೆ ಬರುತ್ತವೆ. ಆದರೆ ಇವೆಲ್ಲ ಕೆಸುವಿನ ಜಾತಿಯವು. ಎಲೆ ಬಾಯಿಗೆ ಹಾಕಿಕೊಂಡರೆ ತುರಿಕೆ, ಉರಿ ಉಂಟಾಗುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳ ಕೈಗೆಟಕುವ ಸಾಲಿನಲ್ಲಿ ಇವು ಇರಕೂಡದು. ಆಸ್ಪತ್ರೆಯಲ್ಲಾದರೆ ಹೊರರೋಗಿಗಳ ನಿರೀಕ್ಷಣಾ ಕೊಠಡಿ ಸರಿ. ಶಸ್ತ್ರಚಿಕಿತ್ಸೆ ಮತ್ತು ತೀವ್ರ ನಿಗಾ ವಿಭಾಗಗಳ ಹತ್ತಿರ ತೇವದ ಮಣ್ಣು, ಶಿಲೀಂಧ್ರಗಳಿಗೆ ಎಡೆ ಕೊಡಬಾರದು.

ಅತಿಶಯೋಕ್ತಿ ಬೇಡ

ಹಸಿರು ಗೋಡೆಯನ್ನು 'ಗಾಳಿ ಶುದ್ಧಿಯ ಯಂತ್ರ' ಎಂದು ವರ್ಣಿಸುವ ಕರಪತ್ರಗಳು ಸಾಮಾನ್ಯ. ಇದಕ್ಕೆ ಆಧಾರವಾಗಿ ಉಲ್ಲೇಖಿಸುವುದು ಅಮೆರಿಕದ ನಾಸಾ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಆದರೆ ಆ ಪ್ರಯೋಗಗಳು ನಡೆದುದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಅಧ್ಯಯನಗಳ ಅಂಕಿಗಳನ್ನು 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಮರುಪರಿಶೀಲಿಸಿ, ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯ ವಿನಿಮಯಕ್ಕೆ ಸಮನಾಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕಾಗುತ್ತವೆಂದು ತೋರಿಸಿದರು. ಕಿಟಕಿ ತೆರೆದರೆ ಆಗುವ ಕೆಲಸಕ್ಕೆ ಗೋಡೆಯ ಹೆಸರು ಹೇಳುವುದು ಗ್ರಾಹಕನನ್ನು ದಾರಿ ತಪ್ಪಿಸಿದಂತೆ.

ಗೋಡೆಗೆ ಅದರದೇ ಆದ ಗುಣಗಳಿವೆ. ಸುಳ್ಳಿನ ಆಸರೆ ಬೇಕಿಲ್ಲ. 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ರೋಜರ್ ಉಲ್ರಿಚ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದ ರೋಗಿಗಳು ಇಟ್ಟಿಗೆಯ ಗೋಡೆಯನ್ನು ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು, ಅವರಿಗೆ ನೋವಿನ ಪ್ರಬಲ ಔಷಧಿಯೂ ಕಡಿಮೆ ಬೇಕಾಯಿತು. ಅದು ಹೊರಗಿನ ಮರಗಳ ಅಧ್ಯಯನವೆಂಬುದನ್ನು ಮರೆಯದೆ ಇಷ್ಟನ್ನು ಹೇಳಬಹುದು: ಹಸಿರನ್ನು ಕಾಣುವುದು ಮನಸ್ಸಿಗೆ ಹಿತ. ಎಲೆ ಹಾಗೂ ಕೋಕೋಪೀಟ್ ಸದ್ದನ್ನು ಒಂದಿಷ್ಟು ಹೀರುತ್ತವೆ. ಟೋಕನ್ ಹಿಡಿದು ಗಂಟೆಗಟ್ಟಲೆ ಕಾಯುವ ಜನರಿರುವ ಕಚೇರಿಗೆ ಇವೆರಡೂ ಸಣ್ಣ ಉಪಕಾರಗಳಲ್ಲ.

ಎರಡು ಆಕ್ಷೇಪಗಳು

ಮೊದಲನೆಯದು: ಪ್ಲಾಸ್ಟಿಕ್ ಎಲೆಯ ಹಾಳೆಗಳು ಅಗ್ಗವಾಗಿ ದೊರೆಯುವಾಗ ಜೀವಂತ ಗೋಡೆಯ ಗೋಜೇಕೆ? ಬೆಳಕೂ ನೀರೂ ಇಲ್ಲದ ಜಾಗಕ್ಕೆ ಜೀವಂತ ಗೋಡೆ ಸಲ್ಲದೆಂಬುದು ನಿಜ. ಅಂಥಲ್ಲಿ ಒಳ್ಳೆಯ ಬಣ್ಣ ಬಳಿದ ಗೋಡೆಯೇ ಲೇಸು. ಪ್ಲಾಸ್ಟಿಕ್ ಎಲೆ ಧೂಳು ಹಿಡಿಯುತ್ತದೆ, ಬಣ್ಣಗೆಡುತ್ತದೆ, ಬೆಂಕಿ ತಗುಲಿದರೆ ದಟ್ಟ ಹೊಗೆ ಕಾರುತ್ತದೆ, ಕೊನೆಗೆ ಕಸದ ರಾಶಿ ಸೇರುತ್ತದೆ. ವ್ಯಾಪಾರದ ದೃಷ್ಟಿಯಿಂದಲೂ ಅದು ಒಂದು ಬಾರಿಯ ಮಾರಾಟ. ಜೀವಂತ ಗೋಡೆಯಾದರೋ ನರ್ಸರಿಯವನಿಗೆ, ಪ್ಲಂಬರಿಗೆ, ಎಲೆಕ್ಟ್ರಿಷಿಯನ್‌ಗೆ, ಮಾಲಿಗೆ ವರ್ಷವಿಡೀ ಕೆಲಸ ಕೊಡುತ್ತದೆ.

ಎರಡನೆಯದು ಇನ್ನೂ ಗಟ್ಟಿಯಾದುದು: ಶೌಚಾಲಯದ ನಲ್ಲಿಯನ್ನೇ ದುರಸ್ತಿ ಮಾಡಿಸಲಾಗದ ಕಚೇರಿಯಲ್ಲಿ ಆರು ನೂರು ಗಿಡಗಳನ್ನು ಸಾಕುವವರಾರು? ವಿಮಾನ ನಿಲ್ದಾಣಕ್ಕೆ ಪ್ರಯಾಣಿಕರಿಂದ ಆದಾಯವಿದೆ. ವಾರ್ಡ್ ಕಚೇರಿಗೆ ಇಲ್ಲ. ಈ ಆಕ್ಷೇಪಕ್ಕೆ ಉತ್ತರ ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ಟರ್ಮಿನಲ್‌ನ ನಕಲು ವಾರ್ಡ್ ಕಚೇರಿಗೆ ಬೇಕಿಲ್ಲ. ಕಿಟಕಿಯ ಪಕ್ಕದಲ್ಲಿ ಐದಾರು ಚದರ ಮೀಟರಿನ ಗೋಡೆ ಸಾಕು. ನಲ್ಲಿ ಕೆಟ್ಟು ನಿಂತಿರುವುದಕ್ಕೆ ಮುಖ್ಯ ಕಾರಣ ಅದನ್ನು ಅಳವಡಿಸಿದವನಿಗೂ ಅದರ ಮುಂದಿನ ಗತಿಗೂ ಸಂಬಂಧವೇ ಇಲ್ಲದಿರುವುದು. ಆ ಸಂಬಂಧವನ್ನು ಕರಾರಿನಲ್ಲಿಯೇ ಕಟ್ಟಿದರೆ ಆಕ್ಷೇಪದ ಬಲ ಬಹುಮಟ್ಟಿಗೆ ಕುಗ್ಗುತ್ತದೆ.

ಟೆಂಡರು ಮತ್ತು ಹಣ ಪಾವತಿ

ರಾಜ್ಯದ ಇಲಾಖೆಗಳ ಖರೀದಿ ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ. ಕಡಿಮೆ ದರ ನಮೂದಿಸಿದವನಿಗೆ ಕೆಲಸವೆಂಬುದು ರೂಢಿ. 'ಇಷ್ಟು ಚದರ ಅಡಿ ಹಸಿರು ಗೋಡೆ ಅಳವಡಿಕೆ' ಎಂದಷ್ಟೇ ಟೆಂಡರ್ ಕರೆದರೆ ಆರೈಕೆಯನ್ನು ಲೆಕ್ಕಕ್ಕೆ ಹಿಡಿದವನು ಸೋಲುತ್ತಾನೆ, ಹಿಡಿಯದವನು ಗೆಲ್ಲುತ್ತಾನೆ, ಗೋಡೆ ಒಣಗುತ್ತದೆ. ಅಳವಡಿಕೆ ಮತ್ತು ಮೂರು ವರ್ಷದ ಆರೈಕೆ ಎರಡರ ಒಟ್ಟು ವೆಚ್ಚವನ್ನೂ ಸೇರಿಸಿ ದರ ಕೇಳುವುದು ಇದಕ್ಕೆ ಪರಿಹಾರ. ಒಟ್ಟು ಮೊತ್ತದಲ್ಲಿ ಸುಮಾರು ಅರ್ಧದಷ್ಟನ್ನು ಅಳವಡಿಕೆ ಮುಗಿದಾಗ ಕೊಟ್ಟು, ಉಳಿದುದನ್ನು ಮೂರು ತಿಂಗಳಿಗೊಮ್ಮೆ ಬದುಕಿರುವ ಗಿಡಗಳ ಎಣಿಕೆಯ ಮೇಲೆ ಪಾವತಿಸಬೇಕು. ನೂರಕ್ಕೆ ತೊಂಬತ್ತು ಕುಂಡ ಹಸಿರಾಗಿದ್ದರೆ ಪೂರ್ಣ ಹಣ, ಇಲ್ಲವಾದರೆ ಕಡಿತ. ನೀರು, ವಿದ್ಯುತ್ ಪೂರೈಕೆ ಕಚೇರಿಯ ಹೊಣೆಯೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ಕಚೇರಿಯವರು ರಜೆಯ ದಿನ ಮೇನ್ ಸ್ವಿಚ್ ಆರಿಸಿದ್ದರಿಂದ ಸತ್ತ ಗಿಡಕ್ಕೆ ಗುತ್ತಿಗೆದಾರ ಹೊಣೆಯಾಗಕೂಡದು.

ಹಣ ಪಾವತಿಯ ವಿಷಯದಲ್ಲಿ ಸಣ್ಣ ಉದ್ದಿಮೆದಾರರು ಎಚ್ಚರ ವಹಿಸಬೇಕಾದ ಅಂಶಗಳಿವೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮದ ಪ್ರಕಾರ ಕಿರು ಹಾಗೂ ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಆದರೆ 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯನ್ನು ಕಲ್ಪಿಸಿದಾಗ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಗಿದೆ. ಕುಂಡ ತಯಾರಿಸುವವನಿಗೆ ಇರುವ ರಕ್ಷಣೆ ಅದೇ ಕುಂಡವನ್ನು ಕೊಂಡು ಮಾರುವವನಿಗೆ ಇಲ್ಲ. ಕಾಮಗಾರಿ ಗುತ್ತಿಗೆಗಳು ಈ ಅಧಿನಿಯಮದ ರಕ್ಷಣೆಗೆ ಒಳಪಡುವುದಿಲ್ಲವೆಂದು ಬಾಂಬೆ ಹೈಕೋರ್ಟ್ ತೀರ್ಪಿತ್ತಿರುವುದನ್ನೂ ಗಮನಿಸಬೇಕು. ಆದುದರಿಂದ ಸಾಮಗ್ರಿ ಪೂರೈಕೆ ಮತ್ತು ಆರೈಕೆಯ ಸೇವೆಯನ್ನು ಕರಾರಿನಲ್ಲಿ ಬೇರೆ ಬೇರೆಯಾಗಿ ತೋರಿಸುವ ಬಗ್ಗೆ ಸಹಿ ಹಾಕುವ ಮುನ್ನವೇ ವಕೀಲರ ಹಾಗೂ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಆಗಬೇಕಾದುದು

ಈ ನಿಟ್ಟಿನಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳು ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು. ಮೊದಲನೆಯದಾಗಿ, ಆರೈಕೆಯನ್ನೊಳಗೊಂಡ ಮಾದರಿ ಟೆಂಡರ್ ಕರಡನ್ನು ಸಿದ್ಧಪಡಿಸಿ ಲೋಕೋಪಯೋಗಿ ಇಲಾಖೆ, ಮೆಟ್ರೋ ನಿಗಮ ಹಾಗೂ ನಗರ ಪಾಲಿಕೆಗಳಿಗೆ ಸಲ್ಲಿಸುವುದು. ಎರಡನೆಯದಾಗಿ, ಒಬ್ಬರ ಚೌಕಟ್ಟಿಗೆ ಇನ್ನೊಬ್ಬರ ಕುಂಡ ಹೊಂದುವಂತೆ ಕುಂಡದ ಅಳತೆ, ಕೊಕ್ಕೆಯ ಅಂತರಗಳನ್ನು ತಯಾರಕರೆಲ್ಲ ಸೇರಿ ಒಂದೇ ಮಾನಕ್ಕೆ ತರುವುದು. ಒಬ್ಬ ಪೂರೈಕೆದಾರ ಅಂಗಡಿ ಮುಚ್ಚಿದರೂ ಗೋಡೆ ಅನಾಥವಾಗಬಾರದು. ಮೂರನೆಯದಾಗಿ, ಹೆಸರಘಟ್ಟದ ಸಂಸ್ಥೆ ಅಥವಾ ತೋಟಗಾರಿಕೆ ಇಲಾಖೆಯ ನೆರವಿನಿಂದ ಆರೈಕೆಯ ತರಬೇತಿ ಏರ್ಪಡಿಸುವುದು. ಗಿಡ ಬಲ್ಲವನಿಗೆ ಪಂಪು ತಿಳಿಯದು, ಪಂಪು ಬಲ್ಲವನಿಗೆ ಗಿಡ ತಿಳಿಯದು. ಎರಡನ್ನೂ ಬಲ್ಲ ಯುವಕ ಯುವತಿಯರು ನಾಗರಬಾವಿ, ಸುಂಕದಕಟ್ಟೆಗಳಂಥ ಕಡೆ ಹತ್ತಾರು ಮಂದಿ ಸಿದ್ಧರಾದರೆ ಪಶ್ಚಿಮ ಬೆಂಗಳೂರಿನ ಗೋಡೆಗಳನ್ನೆಲ್ಲ ಅವರೇ ನೋಡಿಕೊಂಡಾರು.

ಆರಂಭಶೂರತ್ವ ನಮ್ಮ ಸಾರ್ವಜನಿಕ ಕಾಮಗಾರಿಗಳ ಹಳೆಯ ರೋಗ. ಉದ್ಘಾಟನೆಯ ದಿನದ ಛಾಯಾಚಿತ್ರಕ್ಕಾಗಿ ಕಟ್ಟಿದ ಗೋಡೆಯಿಂದ ಒಂದು ಬಿಲ್ ಪಾಸಾಗಬಹುದು, ಒಂದು ಉದ್ಯಮ ಬೆಳೆಯುವುದಿಲ್ಲ. ಆರೈಕೆಯ ಉಲ್ಲೇಖವಿಲ್ಲದ ಟೆಂಡರಿಗೆ ದರ ನಮೂದಿಸದೆ ಹಿಂದೆ ಸರಿಯುವ ಧೈರ್ಯವನ್ನು ಹತ್ತು ಮಂದಿ ಪೂರೈಕೆದಾರರು ಒಟ್ಟಾಗಿ ತೋರಿದರೆ ಟೆಂಡರಿನ ಭಾಷೆ ತಾನಾಗಿ ಬದಲಾಗುತ್ತದೆ. ಮೂರನೇ ಹಂತದ ಮೆಟ್ರೋ ನಿಲ್ದಾಣಗಳು ಮಾಗಡಿ ರಸ್ತೆಯಲ್ಲಿ ಎದ್ದು ನಿಲ್ಲುವ ಮುನ್ನವೇ ಈ ಒಮ್ಮತ ಮೂಡಬೇಕು.